ನನ್ನ ಕೆಮ್ಮು ಮತ್ತು ಬೀರುವಿನ ಹಿಂದಿನ ಗೋಡೆ

ನನಗೆ ಹನ್ನೊಂದು ಬಗೆಯ ಕೆಮ್ಮು ಬರುತ್ತಿತ್ತು. ಕಾಯಿಲೆಯಾಗಿ ಅಲ್ಲ, ವಿದ್ಯೆಯಾಗಿ. ಮೇಲಧಿಕಾರಿಯ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪ ಕೆಮ್ಮುವ ವಿನಯದ ಕೆಮ್ಮು. ಮೇಲಿನ ಮಹಡಿಯ ಜೋಶಿ ಅಂಕಲ್ ಬೆಳಿಗ್ಗೆ ಆರಕ್ಕೆ ಇಡೀ ಬ್ಲಾಕನ್ನು ಎಬ್ಬಿಸುವ ಕೆಮ್ಮು. ಮೀಟರ್ ಕೆಟ್ಟಿದೆ ಎಂದು ಹೇಳುವ ಮುಂಚೆ ಆಟೋ ಭಯ್ಯಾ ಕೆಮ್ಮುವ ಕೆಮ್ಮು. ಫೋನಿನಲ್ಲಿ ಚಿಕ್ಕಮ್ಮನ ಜೊತೆ ಮಾತಾಡುತ್ತಲೇ ನನಗೆ ಬಾಯಿ ಮುಚ್ಚು ಎಂದು ಅಮ್ಮ ಕಳಿಸುವ ಕೆಮ್ಮು. ದಿಲ್ಲಿಯ ಕನ್ನಡಿಗರ ಯಾವ ಕಾರ್ಯಕ್ರಮದಲ್ಲಾದರೂ ಊಟ ತಯಾರಾಗಲು ಇನ್ನೂ ಹತ್ತು ನಿಮಿಷ ಬೇಕು ಎಂದರೆ ನನ್ನನ್ನು ವೇದಿಕೆಗೆ ತಳ್ಳುತ್ತಿದ್ದರು. ನಾನು ಸಭೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೆಮ್ಮಿ ತೋರಿಸಿ, ಸಾರಿನ ವಾಸನೆ ಬಂದ ಕೂಡಲೇ ಇಳಿಯುತ್ತಿದ್ದೆ.

ಹಾಗಾಗಿ ಹನ್ನೆರಡನೆಯ ಕೆಮ್ಮು, ಅಂದರೆ ನನ್ನದೇ ಕೆಮ್ಮು ಬಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. "ಇದು ಯಾರದ್ದೋ ಚಿನ್ನು?" ಎಂದು ಅಪ್ಪ ಪೇಪರಿನಿಂದ ತಲೆಯೆತ್ತದೆ ಕೇಳಿದರು. ನಂದೇ ಅಪ್ಪ ಎಂದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಷ್ಟು ಚೆನ್ನಾಗಿಲ್ಲ, ಇನ್ನೂ ಅಭ್ಯಾಸ ಬೇಕು" ಎಂದರು.

ಇದಾಗಿ ಒಂದೂವರೆ ವರ್ಷ ಕಳೆದಿದೆ. ಈಗಲೂ ನನ್ನ ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತದೆ, ಬಾಚಣಿಗೆ ಮತ್ತು ಮೆಟ್ರೋ ಕಾರ್ಡಿನ ಪಕ್ಕ. ಅದರೊಂದಿಗೆ ಬದುಕುವುದು ರೂಢಿಯಾಗಿದೆ. ಶಿಲೀಂಧ್ರದ, ಅಂದರೆ ಬೂಷ್ಟಿನ ಬಗ್ಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಅದರ ಜೊತೆ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿದ ಅರ್ಹತೆ ಮಾತ್ರ ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಇಷ್ಟೊಂದು ಕೆಮ್ಮುವವನು ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವೊಬ್ಬರೇ ಅಲ್ಲ. ಜೊತೆಗೆ, ನನ್ನ ಅಮ್ಮನನ್ನು ಎಲ್ಲರೆದುರು ಒಮ್ಮೆ ಹೊಗಳಬೇಕಿತ್ತು. ಎದುರಿಗೆ ಹೊಗಳಿದರೆ, ಏನು ಬೇಕಾಗಿದೆ ನಿನಗೆ ಎಂದು ಕೇಳುತ್ತಾಳೆ.

ನಾವಿರುವುದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ನೆಲಮಹಡಿ. ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನಾನು ನೋಯ್ಡಾದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಧ್ವನಿ ಕೊಡುತ್ತೇನೆ. ಹಿಂದಿಯಲ್ಲಿ ತಯಾರಾಗುವ ಕಾರ್ಟೂನುಗಳು ಕನ್ನಡಕ್ಕೆ ಬರುವಾಗ ಮುದಿ ಕತ್ತೆ, ಸಿಟ್ಟಿನ ಬಾತುಕೋಳಿ ಎಲ್ಲವೂ ನಾನೇ. ಆ ವರ್ಷ ನನಗೆ ಮೊದಲ ಬಾರಿ ದೊಡ್ಡ ಪಾತ್ರ ಸಿಕ್ಕಿತ್ತು: ಒಂದು ಅಳಿಲು. ಆ ಅಳಿಲು ಪ್ರತಿ ಕಂತಿನಲ್ಲೂ ತಾನು ಬಚ್ಚಿಟ್ಟಿರುವುದರ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒದರುತ್ತದೆ. "ಕಡಲೆ, ಶೇಂಗಾ, ಬಾದಾಮಿ, ಗೋಡಂಬಿ, ಅಕ್ರೋಟು, ಪಿಸ್ತಾ, ಹಲಸಿನ ಬೀಜ, ಹುಣಸೆ ಬೀಜ, ಕುಂಬಳದ ಬೀಜ, ಸೂರ್ಯಕಾಂತಿ ಬೀಜ, ಅಷ್ಟೂ ನಂದೇ." ನಡುವೆ ಉಸಿರು ತೆಗೆದುಕೊಂಡರೆ ಅಳಿಲಿನ ಬಾಯಿಗೂ ನನ್ನ ಬಾಯಿಗೂ ತಾಳ ತಪ್ಪುತ್ತದೆ. ಆಡಿಷನ್ನಿನಲ್ಲಿ ಈ ಪಟ್ಟಿ ಮುಗಿಸಿದ ಮೇಲೂ ನನ್ನಲ್ಲಿ ಒಂದು ಶಿಳ್ಳೆ ಹೊಡೆಯುವಷ್ಟು ಉಸಿರು ಉಳಿದಿತ್ತು. ಹೊಡೆದೂ ಇದ್ದೆ. ಪಾತ್ರ ಸಿಕ್ಕಿದ್ದೇ ಆ ಶಿಳ್ಳೆಗೆ.

ಕೆಮ್ಮು ಶುರುವಾದದ್ದು ಮಳೆಗಾಲದ ಕೊನೆಗೆ. ಮೊದಲು ಬೆಳಿಗ್ಗೆ ಸಾಲುಸಾಲು ಸೀನು, ಮೂಗು ಕಟ್ಟುವುದು, ಕಣ್ಣು ಉರಿ. ದೀಪಾವಳಿಯ ಹೊತ್ತಿಗೆ ಎದೆಯಲ್ಲಿ ಬೆಕ್ಕಿನ ಮರಿ ಸಾಕಿದಂಥ ಸದ್ದು. ದೀಪಾವಳಿಯ ದಿಲ್ಲಿಯಲ್ಲಿ ಕೆಮ್ಮುವವನನ್ನು ಯಾರೂ ತಿರುಗಿ ನೋಡುವುದಿಲ್ಲ, ಕೆಮ್ಮದವನನ್ನು ನೋಡುತ್ತಾರೆ. ಎಲ್ಲರಿಗೂ ಕಾರಣ ಗೊತ್ತಿತ್ತು: ಹೊರಗಿನ ಗಾಳಿ. ಅಪ್ಪ ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ಗಾಳಿಯ ಅಂಕಿ ನೋಡಿ, ಆಕಾಶವಾಣಿಯ ವಾರ್ತೆಯ ಗಾಂಭೀರ್ಯದಲ್ಲಿ ಓದುತ್ತಿದ್ದರು. ನಡುವೆ ನಾಲ್ಕು ದಿನ ನೆಂಟರ ಮದುವೆಗೆಂದು ಮೈಸೂರಿಗೆ ಹೋದಾಗ ನನ್ನ ಕೆಮ್ಮು ಪೂರ್ತಿ ನಿಂತಿತು. ವಾಪಸು ಬಂದ ಮರುದಿನವೇ ಮರಳಿತು. ಇನ್ನೇನು ಸಾಕ್ಷಿ ಬೇಕು? ದಿಲ್ಲಿಯ ಗಾಳಿಯೇ ಅಪರಾಧಿ ಎಂದು ನಮ್ಮ ಮನೆಯ ನ್ಯಾಯಾಲಯ ತೀರ್ಪು ಕೊಟ್ಟಿತು.

ತೀರ್ಪನ್ನು ಜಾರಿ ಮಾಡುವ ಕೆಲಸ ಅಮ್ಮನದು. ಅವಳು ನನ್ನ ಕೋಣೆಯ ಕಿಟಕಿಯ ಸಂದುಗಳಿಗೆ ಅಪ್ಪನ ಹಳೆಯ ಪಂಚೆ ಹರಿದು, ಪಟ್ಟಿ ಪಟ್ಟಿ ಮಾಡಿ, ಚಮಚದ ಹಿಂಭಾಗದಿಂದ ಒತ್ತಿ ತುಂಬಿದಳು. ಅದರ ಮೇಲೆ ಟೇಪು. ಒಗೆದ ಬಟ್ಟೆಗೆ ಹೊರಗಿನ ಹೊಗೆ ತಗುಲಬಾರದೆಂದು ನನ್ನ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸಿದಳು. ದಿನಕ್ಕೆ ಮೂರು ಹೊತ್ತು ತುಳಸಿ, ಓಮದ ಕಾಳು ಹಾಕಿದ ಕುದಿಯುವ ನೀರಿನ ಪಾತ್ರೆ ತಂದು, ನನ್ನ ತಲೆಗೆ ಟವೆಲ್ ಹೊದಿಸಿ ಹಬೆ ತೆಗೆದುಕೊಳ್ಳಲು ಕೂರಿಸುತ್ತಿದ್ದಳು. ಬಾಗಿಲು ಮುಚ್ಚಿರಬೇಕು, ಹಬೆ ಒಂದಿಷ್ಟೂ ಹೊರಗೆ ಹೋಗಕೂಡದು. ಇಡ್ಲಿಗೂ ನನಗೂ ಇದ್ದ ವ್ಯತ್ಯಾಸ ಎಂದರೆ ಇಡ್ಲಿ ಹತ್ತು ನಿಮಿಷಕ್ಕೆ ಬೆಂದು ಹೊರಬರುತ್ತದೆ.

ಹಬೆ ತೆಗೆದುಕೊಂಡಾಗ ಹಾಯೆನಿಸುತ್ತಿತ್ತು, ಸುಳ್ಳಲ್ಲ. ಅರ್ಧ ಗಂಟೆಯ ಮೇಲೆ ಮತ್ತೆ ಮೊದಲಿನಂತೆ. ವಿಚಿತ್ರವೆಂದರೆ ನೋಯ್ಡಾದಲ್ಲಿ ನಾನು ಮೇಲಾಗಿರುತ್ತಿದ್ದೆ, ರಜೆಯ ದಿನ ಮನೆಯಲ್ಲಿ ಹೆಚ್ಚು ಕೆಮ್ಮುತ್ತಿದ್ದೆ. ನನಗೆ ಕೆಲಸದ ಮೇಲೆ ಎಷ್ಟು ಪ್ರೀತಿ ಎಂದು ನಾನೇ ನನ್ನನ್ನು ಮೆಚ್ಚಿಕೊಂಡೆ. ಅದೊಂದು ಸುಳಿವು ಎಂದು ಹೊಳೆಯುವಷ್ಟು ಬುದ್ಧಿ ಇರಲಿಲ್ಲ.

ಆದರೆ ಆ ಮೇಲಾದ ಸ್ಥಿತಿಯೂ ಅಳಿಲಿಗೆ ಸಾಲದಾಯಿತು. ನವೆಂಬರಿನ ಒಂದು ಮಧ್ಯಾಹ್ನ ಮೈಕಿನ ಮುಂದೆ ಪಟ್ಟಿ ಶುರು ಮಾಡಿದವನು ಗೋಡಂಬಿಯಲ್ಲಿ ನಿಂತುಬಿಟ್ಟೆ. ಮತ್ತೆ ಶುರು ಮಾಡಿದೆ, ಮತ್ತೆ ಗೋಡಂಬಿ. ಏಳನೆಯ ಸಲಕ್ಕೆ ಗೋಡಂಬಿಯೂ ಬರಲಿಲ್ಲ, ಎದೆಯೊಳಗಿಂದ ಶಿಳ್ಳೆ ಬಂತು, ನಾನು ಹೊಡೆಯದ ಶಿಳ್ಳೆ. ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ವಿಕ್ರಮ್ ಭಯ್ಯಾ ಹೆಡ್‌ಫೋನ್ ತೆಗೆದಿಟ್ಟು ಒಳಗೆ ಬಂದ. ನನ್ನಿಂದ ದಿನಾ ಅಣಕಿಸಿಕೊಳ್ಳುವ ಮನುಷ್ಯ ಅವನು. ಅಂದು ಸೇಡು ತೀರಿಸಿಕೊಳ್ಳಬಹುದಿತ್ತು. ಅದರ ಬದಲು ಬಿಸಿ ನೀರು ಕೊಟ್ಟು, ಉಳಿದ ಪಾತ್ರಗಳನ್ನೆಲ್ಲ ಮೊದಲು ಮುಗಿಸಿ ಅಳಿಲನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ ಎಂದ. ಫೆಬ್ರವರಿ ಕೊನೆಯವರೆಗೆ ತಡೆಯಬಲ್ಲೆ, ಆಮೇಲೆ ಬೇರೆಯವರನ್ನು ಹುಡುಕದೆ ದಾರಿಯಿಲ್ಲ ಎಂದು ನೆಲ ನೋಡುತ್ತಾ ಹೇಳಿದ.

ವಾಪಸು ಮೆಟ್ರೋದಲ್ಲಿ ಬರುವಾಗ ನನಗೆ ನಿಜವಾಗಿ ಭಯವಾಯಿತು. ಧ್ವನಿ ಹೋದರೆ ಪಾತ್ರ ಹೋಗುತ್ತದೆ ಎಂಬುದಷ್ಟೇ ಅಲ್ಲ. ಚಿಕ್ಕಂದಿನಿಂದ ನಾನು ಬೇರೆಯವರ ದನಿಯಲ್ಲೇ ಮಾತಾಡಿಕೊಂಡು ಬಂದವನು. ಅವೆಲ್ಲ ಹೋದರೆ ಕೆಳಗೆ ಉಳಿಯುವವನು ಹೇಗೆ ಮಾತಾಡುತ್ತಾನೆ ಎಂದೇ ನನಗೆ ಗೊತ್ತಿರಲಿಲ್ಲ. ನನ್ನ ಕೆಮ್ಮಿಗೆ ಅಕ್ಕಪಕ್ಕದವರು ಸರಿದು ಜಾಗ ಬಿಟ್ಟರು. ನೋಯ್ಡಾದಿಂದ ಆರ್.ಕೆ.ಪುರಂವರೆಗೆ ಸಂಜೆಯ ಹೊತ್ತು ಸೀಟು ಸಿಕ್ಕಿದ್ದು ಅದೊಂದೇ ಸಲ.

ಕಾಲೋನಿಯ ಹತ್ತಿರದ ಇಬ್ಬರು ಡಾಕ್ಟರುಗಳು ಸಿರಪ್ಪು, ಮಾತ್ರೆ ಕೊಟ್ಟಿದ್ದರು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎದ್ದವನಿಗೆ ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ಅಮ್ಮ ಹಬೆಯ ಪಾತ್ರೆ ಹಿಡಿದು ಒಳಗೆ ಬಂದಳು, ನೀಲಿಗಟ್ಟಿದ ನನ್ನ ತುಟಿ ನೋಡಿದಳು, ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟು ಅಪ್ಪನನ್ನು ಕೂಗಿದಳು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಮಾಸ್ಕು ಕಟ್ಟಿ ಔಷಧಿಯ ಮಂಜು ಕುಡಿಸಿದರು. ಉಸಿರು ಸಡಿಲವಾದ ಮೇಲೆ ಅಪ್ಪನ ಮುಖ ನೋಡಿದೆ. ಪೇಪರಿಲ್ಲದೆ ಅವರ ಮುಖ ಎಷ್ಟು ಚಿಕ್ಕದು ಎಂದು ಆಗ ತಿಳಿಯಿತು. "ಅವತ್ತು ಚೆನ್ನಾಗಿಲ್ಲ ಅಂದ್ನಲ್ಲ," ಎಂದರು. ನಾನು ಮಾಸ್ಕಿನೊಳಗಿಂದಲೇ ಅವರ ವಿನಯದ ಕೆಮ್ಮು ಕೆಮ್ಮಿದೆ. ನಕ್ಕರು, ಕಣ್ಣೊರೆಸಿಕೊಂಡರು.

ಅಲ್ಲಿಂದ ಎದೆರೋಗದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಕಾಯುವ ಹಾಲಿನಲ್ಲಿ ನಾನು ನಾಲ್ಕು ಸಲ ಅರ್ಧರ್ಧ ದಿನ ಕೂತಿದ್ದೇನೆ, ಅದರ ಬಗ್ಗೆ ಒಂದು ಕೆಟ್ಟ ಮಾತೂ ಆಡಲಾರೆ. ನನ್ನಂಥ ಕಲಾವಿದನಿಗೆ ಅದು ಗ್ರಂಥಾಲಯ. ಒಣ ಕೆಮ್ಮು, ಹಸಿ ಕೆಮ್ಮು, ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರಲ್ಲಿ ಕೂತುಕೊಳ್ಳುವ ಕೆಮ್ಮು. ಪಕ್ಕದಲ್ಲಿ ಒಬ್ಬ ವಯಸ್ಸಾದ ಸರ್ದಾರ್ಜಿ ಕೂತಿದ್ದರು. ಹೊತ್ತಿಗೆ ಸರಿಯಾಗಿ ಜೇಬಿನಿಂದ ಇನ್‌ಹೇಲರ್ ತೆಗೆದು, ಒಂದು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಎಲ್ಲರೆದುರು ನೆಟ್ಟಗೆ ಕೂತು ಎಳೆದುಕೊಂಡರು. ಆಮೇಲೆ ಮೀಸೆ ತಿರುವಿದರು. ಅಮ್ಮ ಅದುವರೆಗೆ ಈ ಇನ್‌ಹೇಲರ್ ಪಂಪು ಎಂದರೆ ಹೆದರುತ್ತಿದ್ದಳು. ಒಮ್ಮೆ ಹಿಡಿದರೆ ಬಿಡಲಾಗದು, ನಾಳೆ ಹೆಣ್ಣು ಕೊಡುವವರು ಏನೆನ್ನುತ್ತಾರೆ ಎಂದೆಲ್ಲ. ಸರ್ದಾರ್ಜಿ ಅವಳ ನೋಟ ಗಮನಿಸಿ, "ಕನ್ನಡಕ ಇದ್ದಂಗೆ ಬೆಹನ್‌ಜಿ, ಬೇಕಾದವರು ಹಾಕ್ಕೋತಾರೆ," ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಅಮ್ಮ ತನ್ನ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಡಾಕ್ಟರ್ ಮೇಡಂ ನಿವೃತ್ತಿಗೆ ಹತ್ತಿರದ ವಯಸ್ಸಿನವರು, ಸಣ್ಣ ಆಳು, ಹತ್ತಿ ಸೀರೆಯ ಮೇಲೆ ದಪ್ಪ ಸ್ವೆಟರು. ಮಾತಾಡಿದ್ದು ಹಿಂದಿಯಲ್ಲಿ, ಇಲ್ಲಿ ಅವರಿಗೆ ನಾನೇ ಕನ್ನಡ ಡಬ್ಬಿಂಗ್ ಮಾಡಿದ್ದೇನೆ. ಮನೆತನದಲ್ಲಿ ಯಾರಿಗಾದರೂ ಇಂಥದ್ದು ಇದೆಯೇ ಎಂದು ಕೇಳಿದರು. ಅಮ್ಮ, ನಮ್ಮ ಕಡೆ ಯಾರಿಗೂ ಇಲ್ಲ, ಇವರ ಕಡೆಯೂ ಇಲ್ಲ ಎಂದು ಎರಡೂ ವಂಶಗಳಿಗೆ ಪ್ರಮಾಣಪತ್ರ ಕೊಟ್ಟಳು. ಅವರು ಬರೆದುಕೊಂಡರು. ನನಗೆ ಹೆದರಿಕೆಯಾದಾಗಲೆಲ್ಲ ಬಾಯಿ ನಿಲ್ಲುವುದಿಲ್ಲ. ಅವರ ಪ್ರಶ್ನೆಗಳಿಗೆ ಜೋಶಿ ಅಂಕಲ್ ಆಗಿ, ಟೋಕನ್ ಕೂಗುವವನಾಗಿ ಉತ್ತರ ಕೊಡತೊಡಗಿದೆ. ಅಮ್ಮ ಕೆಮ್ಮಿದಳು, ಬಾಯಿ ಮುಚ್ಚು ಎನ್ನುವ ಕೆಮ್ಮು. ಡಾಕ್ಟರ್ ಮೇಡಂ ಬೈಯಲಿಲ್ಲ. ಗಡಿಯಾರ ನೋಡಿದರು, ಬಾಗಿಲ ಆಚೆಯ ಸಾಲು ನೋಡಿದರು, ಆಮೇಲೆ ಕುರ್ಚಿಗೆ ಒರಗಿದರು.

"ಜನರನ್ನ ಚೆನ್ನಾಗಿ ಮಾಡ್ತೀಯ ಬೇಟಾ. ಈಗ ನಿನ್ನ ಮನೆ ಮಾಡಿ ತೋರಿಸು."

"ಮನೆನಾ?"

"ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ. ಮಾತು ಬೇಡ, ಸದ್ದು ಸಾಕು."

ಇಂಥ ಬೇಡಿಕೆ ನನಗೆ ಯಾವ ವೇದಿಕೆಯಲ್ಲೂ ಬಂದಿರಲಿಲ್ಲ. ಕಣ್ಣು ಮುಚ್ಚಿದೆ. ಟೇಪು ಹಚ್ಚಿದ ಕಿಟಕಿ ಗಾಳಿಗೆ ಪಟಪಟ ಎನ್ನುವುದು. ಸಂದಿನಲ್ಲಿ ಪಂಚೆಯ ಪಟ್ಟಿಯನ್ನು ಚಮಚದಿಂದ ಅಮ್ಮ ಒತ್ತುವುದು, ಸರ್, ಸರ್, ಟಕ್. ಹಗ್ಗದ ಮೇಲಿನ ಪ್ಯಾಂಟಿನಿಂದ ಬಕೆಟ್ಟಿಗೆ ಬೀಳುವ ಹನಿ. ಅಪ್ಪನ ಗಾಳಿ ವಾರ್ತೆ. ಆಮೇಲೆ ನಾನು ಸ್ನಾನಕ್ಕೆ ಬಟ್ಟೆ ತೆಗೆಯಲು ಮರದ ಬೀರುವಿನ ಬಾಗಿಲು ಎಳೆಯುವುದು: ಕಿರ್‌ರ್‌ರ್, ಒಂದು ಕ್ಷಣ ಮೌನ, ಉಂಹ್, ಧಡ್.

"ನಿಲ್ಲು," ಎಂದರು. "ಕೊನೇದು ಇನ್ನೊಂದು ಸಲ."

ಮಾಡಿದೆ. ಕಿರ್‌ರ್‌ರ್, ಉಂಹ್, ಧಡ್.

"ಬೀರು ತೆಗೆಯೋಕೆ ಯಾಕಿಷ್ಟು ಕಷ್ಟಪಡ್ತೀಯ?"

ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಂಡಿದೆ, ಎರಡು ಕೈ ಹಾಕಿ ಎಳೆದರೆ ಬರುತ್ತದೆ ಎಂದೆ. ಮಳೆಗಾಲ ಮುಗಿದು ಮೂರು ತಿಂಗಳಾಯಿತಲ್ಲ, ಇನ್ನೂ ಯಾಕೆ ಉಬ್ಬಿದೆ, ಅದಕ್ಕೆ ನೀರು ಕುಡಿಸುತ್ತಿರುವವರು ಯಾರು ಎಂದು ಕೇಳಿದರು. ಬೀರು ಯಾವ ಗೋಡೆಗೆ ಒತ್ತಿ ನಿಂತಿದೆ, ಗೋಡೆಯ ಆಚೆ ಏನಿದೆ? ಅಮ್ಮ ಬಾತ್‌ರೂಮ್ ಎಂದಳು. ಆ ಬೀರುವನ್ನು ಕೊನೆಯ ಸಲ ಯಾವಾಗ ಸರಿಸಿದ್ದು? ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಅಪ್ಪನ ಮುಖ ನೋಡಿದಳು. ಕ್ವಾರ್ಟರ್ಸು ಸಿಕ್ಕ ವರ್ಷ ಅಲ್ಲಿಟ್ಟದ್ದು.

ಉಳಿದದ್ದನ್ನೂ ಮಾಡು ಎಂದರು. ಹಬೆಯ ಪಾತ್ರೆ ಬರುವುದು, ಬಾಗಿಲು ಮುಚ್ಚುವುದು, ಚಿಲಕ. ಅಮ್ಮ ಹೆಮ್ಮೆಯಿಂದ ಸೇರಿಸಿದಳು: ಮೂರು ಹೊತ್ತು ಮೇಡಂ, ಒಂದು ಹೊತ್ತೂ ತಪ್ಪಿಸಿಲ್ಲ, ಕಿಟಕಿ ಬಾಗಿಲು ಎರಡೂ ಬಂದ್. ಡಾಕ್ಟರ್ ಮೇಡಂ ಪೆನ್ನು ಕೆಳಗಿಟ್ಟರು. ಅಮ್ಮನ ಕೈ ನೋಡಿದರು, ಬಿಸಿ ಪಾತ್ರೆ ಹಿಡಿದು ಹಿಡಿದು ಕೆಂಪಾಗಿದ್ದ ಬೆರಳುಗಳನ್ನು. ತಕ್ಷಣ ಏನೂ ಹೇಳಲಿಲ್ಲ. ಆ ತಡೆದುಕೊಂಡ ಒಂದು ಗಳಿಗೆಗಾಗಿ ನಾನು ಅವರನ್ನು ಇಂದಿಗೂ ಅಣಕಿಸಿಲ್ಲ. ಬೇರೆ ಯಾವ ಡಾಕ್ಟರಿಗೂ ಈ ರಿಯಾಯಿತಿ ಇಲ್ಲ.

ದಿಲ್ಲಿಯ ಗಾಳಿ ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ ಎಂದು ಮೆಲ್ಲಗೆ ವಿವರಿಸಿದರು. ಆದರೆ ಎಲ್ಲ ಕೆಮ್ಮನ್ನೂ ಅದರ ತಲೆಗೆ ಕಟ್ಟಿದರೆ ಮನೆಯೊಳಗಿನ ಕಳ್ಳ ಹಾಯಾಗಿ ಇರುತ್ತಾನೆ. ಹೊರಗಿನ ಹೊಗೆ ತಡೆಯಲು ನಾವು ಕೋಣೆಯನ್ನು ಡಬ್ಬಿಯಂತೆ ಮುಚ್ಚಿದ್ದೆವು. ಒಳಗೆ ಒದ್ದೆ ಬಟ್ಟೆ, ಮೂರು ಹೊತ್ತಿನ ಹಬೆ, ಜಿನುಗುವ ಗೋಡೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಕ್ವಾರ್ಟರ್ಸು ಸರ್ಕಾರವೂ ಕೊಡಲಾರದು. ಊಹೆಯ ಮೇಲೆ ತೀರ್ಪು ಬೇಡ, ಪರೀಕ್ಷೆ ಮಾಡೋಣ ಎಂದರು.

ಅಲರ್ಜಿ ಮಾತ್ರೆ ಕೆಲವು ದಿನ ನಿಲ್ಲಿಸಿ ಮತ್ತೆ ಹೋದೆ. ನರ್ಸಮ್ಮ ನನ್ನ ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಸೂಜಿಯ ತುದಿಯಿಂದ ಚುಚ್ಚಿದರು: ಧೂಳು, ಪರಾಗ, ಬೆಕ್ಕು, ಜಿರಲೆ, ಬೂಷ್ಟಿನ ಬಗೆಬಗೆ. ಕೆರೆದುಕೊಳ್ಳಬಾರದು, ಹದಿನೈದು ನಿಮಿಷ ಕಾಯಬೇಕು. ಬೆಕ್ಕು ಸುಮ್ಮನಿತ್ತು, ಪರಾಗ ಸುಮ್ಮನಿತ್ತು. ಬೂಷ್ಟಿನ ಎರಡು ಗುರುತುಗಳು ಮಾತ್ರ ಕೆಂಪಾಗಿ, ಬೆಚ್ಚಗಾಗಿ, ನೆನೆಸಿದ ಕಡಲೆಯಂತೆ ಉಬ್ಬಿದವು. ಜೀವನದಲ್ಲಿ ಮೊದಲ ಸಲ ನನ್ನ ಮೈ ಬೇರೆ ಯಾರದೂ ಅಲ್ಲದ, ತನ್ನದೇ ಮಾತು ಆಡಿತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಮ್ಮ ಸೆರಗು ಸಿಕ್ಕಿಸಿ ಅಪ್ಪನನ್ನು ಕರೆದಳು. ನಾನು ಹತ್ತಿರ ಬರಬಾರದೆಂದು ಡಾಕ್ಟರ್ ಹೇಳಿದ್ದರಿಂದ ಹಾಲಿನ ಆ ಕೊನೆಗೆ ಮಾಸ್ಕು ಹಾಕಿಕೊಂಡು ನಿಂತೆ. ಬಟ್ಟೆ ಖಾಲಿ ಮಾಡಿ, ಇಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀರು ಎಳೆದರು. ಹಿಂದಿನ ಗೋಡೆ ನೆಲದಿಂದ ಎದೆಮಟ್ಟಕ್ಕೆ ಕಪ್ಪಾಗಿತ್ತು. ಅಲ್ಲಲ್ಲಿ ಹಸಿರು, ಅಂಚಿನಲ್ಲಿ ಬಿಳಿಯ ನವಿರು ತುಪ್ಪಳ. ಬೀರುವಿನ ಬೆನ್ನೂ ಹಾಗೆಯೇ. ನನ್ನ ದಿಂಬು ಅದರಿಂದ ಒಂದು ಮೊಳ ದೂರ.

ಅಮ್ಮ ಗೋಡೆಯ ಮುಂದೆ ನಿಂತೇ ಇದ್ದಳು.

"ಮೂರು ಹೊತ್ತು ನಾನೇ ಉಣಿಸಿದ್ನಲ್ಲೋ ಚಿನ್ನು ಇದಕ್ಕೆ," ಎಂದಳು.

ಅವಳನ್ನು ನಗಿಸಬೇಕು ಎಂದು ಯಾರದಾದರೂ ದನಿ ಹುಡುಕಿದೆ. ಜೋಶಿ ಅಂಕಲ್ ಸರಿಹೋಗಲಿಲ್ಲ, ಅಳಿಲು ಸರಿಹೋಗಲಿಲ್ಲ. ಕೊನೆಗೆ ನನ್ನದೇ ಒಡಕು ದನಿಯಲ್ಲಿ, "ನೀನು ಉಣಿಸಿದ್ದು ನನಗೆ ಅಮ್ಮ, ಅದು ಕದ್ದು ತಿಂತು," ಎಂದೆ. ಅವಳು ತಿರುಗಿ ನೋಡಲಿಲ್ಲ. ಆದರೆ ಭುಜ ಸ್ವಲ್ಪ ಇಳಿಯಿತು.

ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಚೀಲವಿತ್ತು. ನಾನು ಐದನೆಯ ಕ್ಲಾಸಿನಲ್ಲಿ ಹಾಕಿದ್ದ ವೇಷದ ಕೋಟು, ನೂಲಿನ ಮೀಸೆಗಳು, ಸರ್ಟಿಫಿಕೇಟುಗಳು, ಅಮ್ಮ ಜೋಪಾನ ಮಾಡಿದ್ದು. ಮೀಸೆಗಳಿಗೆಲ್ಲ ಹಸಿರು ಮೀಸೆ ಬಂದಿತ್ತು. ಹಾಲಿನ ಖಾಲಿ ಪ್ಯಾಕೆಟ್ಟನ್ನೂ ತೊಳೆದು ಮಡಿಸಿಡುವ ಹೆಂಗಸು ನನ್ನ ಅಮ್ಮ. ಬಿಸಿಲಿಗೆ ಹಾಕಿ ನೋಡೋಣ ಎಂದು ಅಪ್ಪ ಹೇಳಿದರು. ಬಟ್ಟೆ ದಿಂಬು ಕಾಗದಕ್ಕೆ ಹಿಡಿದದ್ದು ಹೋಗುವುದಿಲ್ಲ, ಎಸೆಯಿರಿ ಎಂದು ಡಾಕ್ಟರ್ ಹೇಳಿಯಾಗಿತ್ತು. ಅವಳು ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಹೊರಗೆ ಕಸದ ಗಾಡಿಗೆ ತಾನೇ ಹಾಕಿ ಬಂದಳು. ಒಮ್ಮೆಯೂ ತೆರೆದು ನೋಡಲಿಲ್ಲ.

ಇನ್ನು ಗೋಡೆ. ನಮ್ಮ ಬ್ಲಾಕುಗಳ ರಿಪೇರಿ ಕಚೇರಿಯಲ್ಲಿ ದೂರು ಬರೆಸಿದೆವು. ಬಂದವನು ಗೋಡೆ ತಟ್ಟಿ, "ಸೀಲನ್ ಹೈ ಆಂಟಿಜಿ" ಎಂದು ನಮಗೆ ಗೊತ್ತಿದ್ದ ತೇವದ ಸುದ್ದಿಯನ್ನೇ ಹೇಳಿ, ಸುಣ್ಣ ಹೊಡೆಸಿಕೊಡುತ್ತೇನೆ ಎಂದ. ಮೇಲೆ ಬಣ್ಣ ಬಳಿದರೆ ಒಳಗೆ ಬೆಳೆಯುತ್ತಲೇ ಇರುತ್ತದೆ, ಮೊದಲು ನೀರು ನಿಲ್ಲಬೇಕು ಎಂಬುದನ್ನು ಡಾಕ್ಟರರಿಂದ ಕಲಿತಿದ್ದ ಅಮ್ಮ ಬೇಡ ಎಂದಳು. ಮರುದಿನ ಐದು ಕಿಲೋ ಬಟಾಣಿ ಕಾಯಿ ಮತ್ತು ಒಂದು ಪಾತ್ರೆ ಹಿಡಿದು ಆ ಕಚೇರಿಗೆ ಹೋದಳು. ಚಳಿಗಾಲದಲ್ಲಿ ದಿಲ್ಲಿಯ ಹೆಂಗಸರೆಲ್ಲ ಬಿಸಿಲಲ್ಲಿ ಕೂತು ಬಟಾಣಿ ಸುಲಿಯುತ್ತಾರೆ. ಇವಳು ಜೂನಿಯರ್ ಎಂಜಿನಿಯರನ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತು ಸುಲಿದಳು. ಜಗಳವಿಲ್ಲ, ದನಿ ಏರಿಸಲಿಲ್ಲ. ಏನು ಬೇಕು ಎಂದು ಕೇಳಿದವರಿಗೆಲ್ಲ, ಏನಿಲ್ಲ ಭಯ್ಯಾ, ಮನೆಯಲ್ಲಿ ಕೂತರೆ ಮಗನಿಗೆ ಕೆಮ್ಮು ಬರುತ್ತೆ, ಅದಕ್ಕೆ ಇಲ್ಲಿ ಕೂತಿದ್ದೇನೆ ಎಂದು ತನ್ನ ಹಿಂದಿಯಲ್ಲಿ ಉತ್ತರ. ಎರಡನೆಯ ದಿನ ಅಲ್ಲಿನ ಗುಮಾಸ್ತರೂ ಒಂದು ಕೈ ಸುಲಿದುಕೊಟ್ಟರಂತೆ. ಮೂರನೆಯ ದಿನ ಎಂಜಿನಿಯರ್ ಪ್ಲಂಬರನ್ನು ಕರೆದುಕೊಂಡು ಖುದ್ದಾಗಿ ಬಂದ. ಬಾತ್‌ರೂಮಿನ ಗೋಡೆಯೊಳಗಿನ ಪೈಪು ಒಂದು ಜೋಡಣೆಯಲ್ಲಿ ಸಣ್ಣಗೆ ಅಳುತ್ತಿತ್ತು. ಎಷ್ಟು ವರ್ಷದಿಂದ ಎಂದು ಅದಕ್ಕೇ ಗೊತ್ತು. ಆ ಚಳಿಗಾಲವಿಡೀ ನಾವು ಬಟಾಣಿ ತಿಂದೆವು. ಎಂಜಿನಿಯರನ ಮನೆಗೂ ಒಂದು ಡಬ್ಬಿ ಹೋಯಿತು.

ಪೈಪು ಬದಲಾಯಿತು, ಕೊಳೆತ ಗಾರೆ ಕೆರೆದು ತೆಗೆದರು, ಗೋಡೆ ಪೂರ್ತಿ ಒಣಗಲು ವಾರಗಟ್ಟಲೆ ಬಿಟ್ಟರು. ಅಷ್ಟು ದಿನ ನನಗೆ ಹಾಲಿನಲ್ಲಿ ಹಾಸಿಗೆ. ಪಂಚೆಯ ಪಟ್ಟಿಗಳನ್ನು ಅಮ್ಮ ತಾನೇ ಕಿತ್ತಳು. ಬಾತ್‌ರೂಮಿಗೆ ಗಾಳಿ ಎಳೆಯುವ ಫ್ಯಾನು ಬಂತು, ಬಟ್ಟೆ ಹೊರಗಿನ ಹಗ್ಗಕ್ಕೆ ಹೋಯಿತು, ಹೊಗೆ ಇಳಿದ ಮಧ್ಯಾಹ್ನ ಕಿಟಕಿ ತೆರೆಯುವುದು ನಿಯಮವಾಯಿತು. ಉಬ್ಬಿದ ಬೀರು ಹೋಗಿ, ಕಬ್ಬಿಣದ ಬೀರು ಗೋಡೆಯಿಂದ ಒಂದು ಗೇಣು ದೂರ ನಿಂತಿತು. ಕೂಲರಿನಲ್ಲಿ ನೀರು ಹಿಡಿದಿಡುವ ಹುಲ್ಲಿನ ಪರದೆಯನ್ನು ಪ್ರತಿ ಬೇಸಿಗೆಗೆ ಹೊಸದಾಗಿ ಹಾಕಿಸಬೇಕೆಂದೂ ಠರಾವಾಯಿತು. ಅಪ್ಪ ತೇವ ಅಳೆಯುವ ಪುಟ್ಟ ಯಂತ್ರ ತಂದು ಗೋಡೆಗೆ ನೇತುಹಾಕಿದರು. ಅವರ ವಾರ್ತೆಗೆ ಈಗ ಎರಡು ಭಾಗ: ಹೊರಗಿನ ಗಾಳಿ, ಒಳಗಿನ ತೇವ.

ನನ್ನ ಪಾಲಿಗೆ ಇನ್‌ಹೇಲರ್ ಬಂತು, ಮತ್ತು ಅದರ ಜೊತೆ ಹೊಸ ಭಯ. ಈ ಔಷಧಿ ಗಂಟಲಲ್ಲಿ ಉಳಿದರೆ ದನಿ ಒಡೆಯಬಹುದು, ಬಾಯಲ್ಲೂ ಬೂಷ್ಟು ಬೆಳೆಯಬಹುದು ಎಂದು ಎಲ್ಲೋ ಓದಿ ಎರಡು ದಿನ ತೆಗೆದುಕೊಳ್ಳದೆ ಬಚ್ಚಿಟ್ಟೆ. ಗೋಡೆಯ ಮೇಲಿನ ಬೂಷ್ಟು ಬಾಯಿಗೆ ವರ್ಗವಾಗುತ್ತದೆಂದರೆ ಯಾರಿಗೆ ಧೈರ್ಯ ಬರುತ್ತದೆ? ಡಾಕ್ಟರ್ ಮೇಡಂ ಹತ್ತಿರ ಒಪ್ಪಿಕೊಂಡೆ. ಸರ್ದಾರ್ಜಿಯ ಹತ್ತಿರ ಇದ್ದಂಥ ಕೊಳವೆಯನ್ನು ಸಿಕ್ಕಿಸಿ ಎಳೆದುಕೋ, ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳು, ದನಿ ಉಳಿಯುತ್ತದೆ ಎಂದರು. ಅಂದಿನಿಂದ ಎರಡು ಹೊತ್ತೂ ಅಮ್ಮ ಬಾತ್‌ರೂಮಿನ ಬಾಗಿಲಲ್ಲಿ ನಿಂತು ನನ್ನ ಮುಕ್ಕಳಿಕೆಯ ಸದ್ದು ಎಣಿಸುತ್ತಿದ್ದಳು. ಬರೀ ಸದ್ದು ಮಾಡಿ ಮೋಸ ಮಾಡಬಲ್ಲವನು ನಾನು ಎಂದು ಗೊತ್ತಿದ್ದರಿಂದ ಉಗುಳಿದ್ದನ್ನೂ ನೋಡುತ್ತಿದ್ದಳು.

ಉಸಿರು ಅಳೆಯಲು ಆಸ್ಪತ್ರೆಯವರು ಊದುವ ಕೊಳವೆ ಕೊಟ್ಟಿದ್ದರು. ಆದರೆ ನಮ್ಮ ಮನೆಯ ನಿಜವಾದ ಅಳತೆ ಅಳಿಲಿನ ಪಟ್ಟಿ. ಬೆಳಿಗ್ಗೆ ಕಾಫಿಗೆ ಮುಂಚೆ ನಾನು ಒಂದೇ ಉಸಿರಿಗೆ ಹೇಳಬೇಕು, ಅಮ್ಮ ಬೆರಳು ಮಡಿಸಬೇಕು. ಜನವರಿ ಮೊದಲ ವಾರ ಗೋಡಂಬಿ. ಸಂಕ್ರಾಂತಿಗೆ ಪಿಸ್ತಾ. ಮಧ್ಯೆ ನೆಗಡಿಯಾಗಿ ಮತ್ತೆ ಬಾದಾಮಿಗೆ ಬಿದ್ದಾಗ ಮೂವರೂ ತಿಂಡಿ ಸರಿಯಾಗಿ ತಿನ್ನಲಿಲ್ಲ. ಅಪ್ಪ ಕಚೇರಿಯಿಂದ ಫೋನು ಮಾಡಿ, "ಎಲ್ಲಿಗೆ ಬಂದ?" ಎಂದು ಕೇಳುತ್ತಿದ್ದರು, "ಹಲಸಿನ ಬೀಜ" ಎಂದು ಅಮ್ಮ ವರದಿ ಒಪ್ಪಿಸುತ್ತಿದ್ದಳು. ಪಕ್ಕದ ಮೇಜಿನವರು ಏನೆಂದುಕೊಂಡರೋ.

ಫೆಬ್ರವರಿಯ ಕೊನೆಯ ವಾರ ಮೈಕಿನ ಮುಂದೆ ನಿಂತೆ. ಕಡಲೆಯಿಂದ ಹೊರಟು ಗೋಡಂಬಿ ದಾಟಿದೆ. ಗಾಜಿನ ಆಚೆ ವಿಕ್ರಮ್ ಭಯ್ಯಾನ ಬಾಯಿ ನನ್ನ ಜೊತೆಯಲ್ಲೇ ಆಡುತ್ತಿತ್ತು. ಕನ್ನಡದ ಒಂದಕ್ಷರ ಬಾರದ ಪಂಜಾಬಿಗೆ ಅಷ್ಟರಲ್ಲಿ ಹುಣಸೆ ಬೀಜ ಬಾಯಿಪಾಠವಾಗಿತ್ತು. ಅಷ್ಟೂ ನಂದೇ ಎಂದು ಮುಗಿಸಿದೆ. ಶಿಳ್ಳೆಗೆ ಉಸಿರು ಉಳಿಯಲಿಲ್ಲ, ಇಂದಿಗೂ ಉಳಿಯುವುದಿಲ್ಲ. ಶಿಳ್ಳೆಯನ್ನು ಅವನೇ ಹೊಡೆದ. ಪಾತ್ರ ನನ್ನಲ್ಲೇ ಉಳಿಯಿತು.

ಕಾಯಿಲೆ ಬಿಟ್ಟುಹೋಗಿದೆ ಎಂದು ಹೇಳುತ್ತಿಲ್ಲ. ಮಳೆ ಬಂದು ಒದ್ದೆ ಗೋಡೆಯ ವಾಸನೆ ಎಲ್ಲಿ ಸಿಕ್ಕರೂ ಮೂಗು ಮೊದಲು ಎಚ್ಚರಿಸುತ್ತದೆ. ನೆಂಟರ ಮನೆಗೆ ಹೋದರೆ ಕುಶಲ ಕೇಳುವ ಮುಂಚೆ ಅವರ ಬೀರುವಿನ ಹಿಂದೆ ಇಣುಕುತ್ತೇನೆ. ಕೆಲವರು ಕರೆಯುವುದನ್ನೇ ಬಿಟ್ಟಿದ್ದಾರೆ. ಔಷಧಿಯ ವಿಚಾರದಲ್ಲಿ ನನ್ನನ್ನು ಅನುಕರಿಸಬೇಡಿ, ಅನುಕರಣೆ ನನ್ನ ಕಸುಬು. ನಿಮ್ಮ ಡಾಕ್ಟರನ್ನು ಕೇಳಿ.

ಏಪ್ರಿಲಿನಲ್ಲಿ ಮತ್ತೆ ತೋರಿಸಲು ಹೋದಾಗ ಡಾಕ್ಟರ್ ಮೇಡಂ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಬೆಕ್ಕಿನ ಮರಿ ಇಲ್ಲ ಎಂದರು. ಫೈಲಿನಲ್ಲಿ ಬರೆಯುತ್ತಲೇ, "ಈಗ ಮನೆ ಹೇಗಿದೆ, ಮಾಡ್ತೀಯಾ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನನ್ನ ಮೊಣಕೈ ಮುಟ್ಟಿದಳು.

"ನಾನು ಮಾಡ್ಲಾ?"

ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕಿಟಕಿಯ ಚಿಲಕ ತೆರೆಯಿತು, ಕಟಕ್. ಹೊರಗಿನ ಹಗ್ಗದ ಮೇಲೆ ಬಟ್ಟೆ ಕೊಡವಿದ ಸದ್ದು. ಫ್ಯಾನು ಮೊದಲು ಗೊಣಗಿ ಆಮೇಲೆ ಸಮನಾಯಿತು. ಅಪ್ಪನ ತೇವದ ವಾರ್ತೆ, ಆ ಗಾಂಭೀರ್ಯದ ಸಮೇತ. ಆಮೇಲೆ ಎರಡು ಬೆರಳಲ್ಲಿ ಹಿಡಿ ಹಿಡಿದು ಬೀರುವಿನ ಬಾಗಿಲು ಎಳೆದಳು. ಯಾವ ಸದ್ದೂ ಮಾಡಲಿಲ್ಲ. ಸದ್ದಿಲ್ಲದೆ ಒಂದು ಬಾಗಿಲು ತೆರೆಯುವುದನ್ನು ಅಷ್ಟು ಚೆನ್ನಾಗಿ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ಮುಕ್ಕಳಿಕೆ ಬಂತು, ಮೋಸದ್ದು ಒಂದು, ನಿಜದ್ದು ಒಂದು. ಕೊನೆಗೆ, ಆಗ ಹೀಗಿತ್ತು ಮೇಡಂ ಎಂದು ನನ್ನ ಡಿಸೆಂಬರಿನ ಕೆಮ್ಮನ್ನು ಕೆಮ್ಮಿದಳು. ಒಣಗಿ, ಎಳೆದು, ಕೊನೆಯಲ್ಲಿ ಶಿಳ್ಳೆಯಾಗುವ ಕೆಮ್ಮು. ಬರೆಯುತ್ತಿದ್ದ ಡಾಕ್ಟರ್ ಮೇಡಂ ತಲೆಯೆತ್ತಿ, ಸ್ಟೆತಸ್ಕೋಪ್ ಹಿಡಿದು ನನ್ನ ಕಡೆ ತಿರುಗಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಹನ್ನೆರಡನೆಯದನ್ನು ನಾನು ಎಂದೂ ವೇದಿಕೆಯ ಮೇಲೆ ಮಾಡಿಲ್ಲ, ಮಾಡಲು ಧೈರ್ಯ ಸಾಲದು. ಅವಳು ಅದನ್ನು ಬಾಗಿಲ ಆಚೆ ನಿಂತು ಎಷ್ಟು ದಿನ ಕೇಳಿಸಿಕೊಂಡಿದ್ದಳೋ, ಒಂದು ಉಸಿರೂ ತಪ್ಪಿರಲಿಲ್ಲ.

ಮೊದಲ ದಿನ ಮನೆತನದಲ್ಲಿ ಯಾರಿಗೂ ಇಲ್ಲ ಎಂದು ಬರೆಸಿದ್ದೆವಲ್ಲ ಮೇಡಂ, ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕು ಎಂದೆ.

ಅಮ್ಮ ಕೆಮ್ಮಿದಳು. ಬಾಯಿ ಮುಚ್ಚು ಎನ್ನುವ ಕೆಮ್ಮು.